ಏಣಿ ಬುಡದ ಗೀರು

ಲಿಂಗಮ್ಮ ಏಣಿಯ ತುದಿಯಲ್ಲಿ ನಿಂತು, ಸಿಲ್ವರ್ ಓಕ್ ಮರ ತಬ್ಬಿಕೊಂಡ ಬಳ್ಳಿಯಿಂದ ಮೆಣಸಿನ ಗೊನೆ ಕಿತ್ತು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಕಾಫಿ ಗಿಡಗಳ ಸಂದಿಯಲ್ಲಿ ಏನೋ ಬೆಳ್ಳಗೆ ಓಡಿ ಬರುವುದು ಕಂಡಿತು. ಯಾರದೋ ಕರು ಹಗ್ಗ ಕಿತ್ತುಕೊಂಡು ಬಂತೇನೋ ಅಂದುಕೊಂಡಳು. ಹತ್ತಿರ ಬಂದ ಮೇಲೆ ನೋಡಿದರೆ ಅದು ಕಾಲೇಜಿಗೆ ಹಾಕುವ ಬಿಳಿ ವೇಲು. ವೇಲು ಹೊದ್ದವಳು ಅವಳ ಸ್ವಂತ ಮಗಳು ಅನುಶ್ರೀ.

ಲಿಂಗಮ್ಮ ಕಿತ್ತ ಗೊನೆಯನ್ನು ಚೀಲಕ್ಕೆ ಹಾಕುವುದನ್ನೇ ಮರೆತಳು. ಪಾಠದ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತಿರಬೇಕಾದ ಹುಡುಗಿ ಕುಶಾಲನಗರದಿಂದ ಬಸ್ಸು ಹತ್ತಿ, ತೋಟದ ಗೇಟಿನಿಂದ ಈಪಾಟಿ ಓಡಿ ಬರುತ್ತಾಳೆಂದರೆ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ. ಇನ್ಯಾತಕ್ಕೆ ಬರುತ್ತಾಳೆ? ಅರಕಲಗೂಡಿನ ಕಡೆ ಹಾಸಿಗೆ ಹಿಡಿದಿದ್ದ ತಾಯಿ ಕಣ್ಣ ಮುಂದೆ ಬಂದಳು. ಎಚ್.ಡಿ. ಕೋಟೆ ಕಡೆ ಶುಂಠಿ ಕೆಲಸಕ್ಕೆ ಹೋಗಿದ್ದ ಗಂಡ ನಾಗರಾಜು ಕಣ್ಣ ಮುಂದೆ ಬಂದ.

“ಯಾರು ಹೋದ್ರೇ? ಹೇಳೇ, ಯಾರು?” ಮೇಲಿನಿಂದಲೇ ಕೂಗಿದಳು.

ಅನುಶ್ರೀ ಪುಸ್ತಕದ ಚೀಲ ಅಲ್ಲೇ ಎಸೆದು, ಏಣಿಯ ಕೆಳಗಿನ ಮೆಟ್ಟಿಲ ಮೇಲೆ ದೊಪ್ಪನೆ ಕೂತು, ಅದರ ಎರಡೂ ಕಾಲುಗಳನ್ನು ಬಾಚಿ ತಬ್ಬಿಕೊಂಡಳು.

“ಅವ್ವ, ಇಳಿ. ಮಾತಾಡ್ಬೇಡ. ನಿಧಾನಕ್ಕೆ ಇಳಿ.”

ಲಿಂಗಮ್ಮ ಇಳಿದಳು. ನೆಲ ಮುಟ್ಟಿದವಳೇ ಮಗಳ ರಟ್ಟೆ ಹಿಡಿದು ಅಲ್ಲಾಡಿಸಿದಳು. “ಬಾಯಿ ಬುಡೇ! ಅಜ್ಜಿನಾ? ನಿಮ್ಮಪ್ಪನಾ?”

“ಯಾರೂ ಹೋಗಿಲ್ಲವ್ವ,” ಅಂದಳು ಅನುಶ್ರೀ, ಏದುಸಿರು ಬಿಡುತ್ತಾ. “ನೀನು ಹೋಗ್ತಿದ್ದೆ.”

ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮರಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಬಂದು ಸುತ್ತ ನಿಂತಿದ್ದರು. ತೋಟದೊಳಗಿನ ಲೈನ್ ಮನೆಯ ಚೋಮಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಾಯಿಗೆ ಹಿಡಿದುಕೊಂಡಿದ್ದಳು, ಸಾವಿನ ಸುದ್ದಿ ಕೇಳಲು ತಯಾರಾಗಿ. ಮೇಸ್ತ್ರಿ ಗಂಗಣ್ಣ ತನ್ನ ದೊಡ್ಡ ಮೈ ಹೊತ್ತುಕೊಂಡು ಎಲ್ಲರಿಗಿಂತ ಹಿಂದೆ ಬಂದ.

“ಏನವ್ವ ಬಿಎಸ್ಸಿ? ಏನಾಯ್ತು?”

“ಅಣ್ಣ, ನಮ್ಮವ್ವ ಹತ್ತಿದಾಗ ಏಣಿ ಬುಡ ಯಾಕೆ ಯಾರೂ ಹಿಡಿಯಲ್ಲ?”

ಗಂಗಣ್ಣ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. “ಇದನ್ನ ಕೇಳಾಕೆ ಬಸ್ ಚಾರ್ಜ್ ಕೊಟ್ಟು ಬಂದ್ಯಾ ತಾಯಿ? ಗುಬ್ಬಿ ಕೂತ್ರೆ ಕೊಂಬೆ ಹಿಡ್ಕಂತಾರಾ ಯಾರಾದ್ರೂ?”

ಎಲ್ಲರೂ ನಕ್ಕರು. ಲಿಂಗಮ್ಮನ ಮುಖ ಮಾತ್ರ ಬೆಂಕಿ ಬಿದ್ದ ಹಾಗೆ ಉರಿಯಿತು.

ಗುಬ್ಬಿ ಲಿಂಗಮ್ಮ. ಅವಳಿಗೆ ಆ ಹೆಸರು ಬಿದ್ದಿದ್ದು ಮದುವೆಯಲ್ಲೇ. ಹೆಣ್ಣಿನ ತೂಕಕ್ಕಿಂತ ಸೀರೆಯ ತೂಕ ಜಾಸ್ತಿ ಅಂತ ಗಂಡಿನ ಕಡೆಯ ಹೆಂಗಸರು ಚಪ್ಪರದಲ್ಲೇ ಆಡಿಕೊಂಡಿದ್ದರು. ತಿಂದದ್ದು ಮೈಗೆ ಹತ್ತದ ದೇಹ. ಹಾಸನ ಸೀಮೆಯಿಂದ ಕುಶಾಲನಗರದ ಪಕ್ಕಕ್ಕೆ ಸಂಸಾರ ಬಂದ ಮೇಲೆ ಪಿಕಪ್ ಜೀಪಿನಲ್ಲಿ ನಿಂತು ತೋಟದ ಕೆಲಸಕ್ಕೆ ಹೋಗತೊಡಗಿದಳು. ಕಾಫಿ ಕುಯ್ಲಲ್ಲಿ ಅವಳು ಎಲ್ಲರಂತೆ ಒಬ್ಬಳು. ಕಾಫಿ ಮುಗಿದು ಮೆಣಸು ಶುರುವಾದರೆ ಹೆಂಗಸರಿಗೆ ಕೆಲಸ ಅಂದರೆ ಉದುರಿದ ಕಾಳು ಆಯುವುದು. ದಿನವೆಲ್ಲ ಬಗ್ಗಿ, ಒಣಗಿದ ಎಲೆ ಕೆದಕಿ, ಕೋಳಿಯ ಹಾಗೆ. ಮರ ಹತ್ತುವುದು ಗಂಡಸರ ಕೆಲಸ.

ಒಂದು ವರ್ಷ ಹತ್ತುವ ಗಂಡಸರು ಸಾಲದೆ ಬಂದಾಗ ತೋಟದ ಸಾವ್ಕಾರ್ರು ದೇರಪ್ಪ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದರು. ಇವಳು ಸೆರಗು ಸಿಕ್ಕಿಸಿ, “ನಾನು ಹತ್ಲಾ?” ಅಂದಳು. ನಕ್ಕರು. ಹತ್ತಿಬಿಟ್ಟಳು. ಅವತ್ತಿನಿಂದ ಆ ತೋಟದಲ್ಲಿ ಏಣಿ ಹತ್ತುವ ಹೆಂಗಸು ಅವಳೊಬ್ಬಳೇ. ಬೆನ್ನು ಬಗ್ಗಿಸುವುದು ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಮೇಲೆ ನಿಂತಾಗ ಗಾಳಿ ಬರುತ್ತದಲ್ಲ, ಬೆವರಿದ ಕುತ್ತಿಗೆಗೆ ತಾಗುವ ಆ ಗಾಳಿ. ಅದನ್ನು ಯಾರಿಗೂ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಆ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ಹತ್ತಿದರೆ ಬುಡದಲ್ಲಿ ಒಬ್ಬರು ಏಣಿ ಹಿಡಿದು ನಿಲ್ಲಬೇಕು. ಲಿಂಗಮ್ಮ ಹತ್ತಿದರೆ ಯಾರೂ ಬೇಡ. ಹಗುರದವಳು, ಏಣಿಗೆ ಗೊತ್ತೇ ಆಗುವುದಿಲ್ಲ ಅಂತ. ಒಂದಾಳು ಉಳಿಯಿತಲ್ಲ, ಅದಕ್ಕೇ ಗಂಗಣ್ಣನಿಗೂ ಅವಳೆಂದರೆ ಇಷ್ಟ. ಅವಳಿಗೂ ಅದೊಂದು ಹೆಮ್ಮೆ. ಈಗ ಮಗಳು ನಾಲ್ಕು ಜನರ ಎದುರು ಬಂದು, ನಮ್ಮವ್ವನಿಗೂ ಆಳು ನಿಲ್ಲಿಸಿ ಅಂದರೆ? ಆಳು ನಿಲ್ಲಿಸಬೇಕಾದ ಹೆಂಗಸನ್ನು ಯಾರು ಹತ್ತಿಸುತ್ತಾರೆ? ಪುನಃ ಕಾಳು ಆಯಲು ಕಳಿಸುತ್ತಾರೆ.

“ಮನೆಗೆ ಹೋಗು ಮೊದ್ಲು,” ಅಂದಳು ಹಲ್ಲು ಕಚ್ಚಿ.

“ನೀನು ಮತ್ತೆ ಹತ್ತಲ್ಲ ಅಂದ್ರೆ ಹೋಗ್ತೀನಿ.”

“ಹತ್ತಲ್ಲ, ಹೋಗು.”

ಮಗಳು ಗೇಟು ದಾಟಿದ್ದನ್ನು ನೋಡಿಕೊಂಡು ಹತ್ತಿದಳು. ಆದರೆ ಅವತ್ತು ಕೈ ಓಡಲಿಲ್ಲ.

ಸಂಜೆ ಒಲೆಯ ಮುಂದೆ ಜಗಳ ಶುರುವಾಯಿತು. ಎಸರು ಕುದಿಯುತ್ತಿತ್ತು. ಹುರುಳಿಕಾಳಿನ ಸಾರು ಪಕ್ಕದಲ್ಲಿ ಇಳಿಸಿತ್ತು.

“ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವೇನೇ? ಮಾನ ಕಳೆಯೋಕೆ ಅಲ್ಲಿಗಂಟ ಬರಬೇಕಿತ್ತಾ?”

“ಫೋನ್ ಮಾಡಿದ್ರೆ ನೀನು ಮೇಲೆ ನಿಂತ್ಕೊಂಡೇ ಒಂದು ಕೈ ಬಿಟ್ಟು ತೆಗೀತಿದ್ದೆ. ಅದಕ್ಕೇ ಮಾಡಲಿಲ್ಲ.”

ಲಿಂಗಮ್ಮ ಸೌದೆಯನ್ನು ಒಲೆಯೊಳಕ್ಕೆ ನೂಕಿದಳು. ತೆಗೆಯುತ್ತಿದ್ದಳು, ನಿಜ. ಎಷ್ಟೋ ಸಲ ತೆಗೆದಿದ್ದಳು.

ಅನುಶ್ರೀ ನಡೆದದ್ದು ಹೇಳಿದಳು. ಅವಳದು ಸರ್ಕಾರಿ ಕಾಲೇಜು, ಬಿಎಸ್ಸಿ ಮೊದಲ ವರ್ಷ. ಫಿಸಿಕ್ಸ್‌ನಲ್ಲಿ ಮೆಕ್ಯಾನಿಕ್ಸ್ ಹೇಳಿಕೊಡುವವರು ಪ್ರೇಮಾವತಿ ಮೇಡಂ. ಬೆಳಿಗ್ಗೆ ಮೇಡಂ ಬೋರ್ಡಿನ ಮೇಲೆ ಒಂದು ಗೋಡೆ ಬರೆದರು. ಗೋಡೆಗೆ ಒಂದು ಏಣಿ ಒರಗಿಸಿದರು. ಏಣಿಯ ಮೇಲೆ ಕಡ್ಡಿಯಂಥ ಒಬ್ಬ ಮನುಷ್ಯನನ್ನು ಹತ್ತಿಸಿದರು. ಎಷ್ಟು ಮೇಲೆ ಹೋದಾಗ ಏಣಿ ಜಾರುತ್ತದೆ ಅಂತ ಲೆಕ್ಕ. ಲೆಕ್ಕಕ್ಕೆ ಕೈ ಹಾಕುವ ಮೊದಲು ಕೇಳಿದರಂತೆ, ಉತ್ತರದಲ್ಲಿ ಮನುಷ್ಯನ ತೂಕ ಬರುತ್ತದೋ ಇಲ್ಲವೋ?

“ನಾನೇ ಮೊದ್ಲು ಕೈ ಎತ್ತಿದ್ದು ಅವ್ವ. ಬರುತ್ತೆ ಮೇಡಂ, ಹಗುರದವರು ಹತ್ತಿದ್ರೆ ಜಾರಲ್ಲ, ನಮ್ಮವ್ವ ಮೆಣಸು ಕೀಳೋಕೆ ಹತ್ತುತ್ತೆ, ಬುಡ ಯಾರೂ ಹಿಡಿಯೋದೇ ಇಲ್ಲ ಅಂದೆ. ಹೆಮ್ಮೆಯಿಂದ ಅಂದೆ.”

“ಸರಿಯಾಗೇ ಹೇಳಿದ್ದೀಯ.”

“ಮೇಡಂ ಕೈಯಲ್ಲಿದ್ದ ಚಾಕ್‌ಪೀಸ್ ಹಂಗೇ ನಿಂತೋಯ್ತು. ಯಾರೂ ಹಿಡಿಯೋದೇ ಇಲ್ವಾ ಅಂತ ಎರಡು ಸಲ ಕೇಳಿದ್ರು. ಲೆಕ್ಕ ಮುಗಿದಿದ್ದೇ ಚೀಲ ಎತ್ಕೊಂಡು ಬಸ್ಸಿಗೆ ಓಡಿದೆ.”

ಲಿಂಗಮ್ಮ ಹಿಟ್ಟು ಸುರಿದು, ಕೋಲು ಎತ್ತಿಕೊಂಡಳು. “ಅದೇನು ಹೇಳಿದ್ರು ನಿಮ್ಮ ಮೇಡಂ? ನನಗೂ ಹೇಳು. ಓದದವಳಿಗೆ ತಿಳಿಯೋ ಹಂಗೆ ಹೇಳು.”

“ಒಂದು ಮೊಳ ಬಟ್ಟೆಗೆ ಒಂದು ಸೇರು ಅಕ್ಕಿ ಕೂಡಿಸು ಅಂದ್ರೆ ಕೂಡಿಸ್ತೀಯಾ?”

“ನಿನಗೇನು ತಲೆ ಕೆಟ್ಟಿದ್ಯಾ?”

“ಅದೇ ಅವ್ವ. ಲೆಕ್ಕದಲ್ಲಿ ಒಂದೊಂದು ಅಳತೆಗೂ ಒಂದೊಂದು ಕುಲ. ಉದ್ದದ್ದೇ ಬೇರೆ, ತೂಕದ್ದೇ ಬೇರೆ, ಹೊತ್ತಿಂದೇ ಬೇರೆ. ಕಾಲೇಜಲ್ಲಿ ಡೈಮೆನ್ಷನ್ ಅಂತಾರೆ. ಈಗ ನಾವು ಕೇಳ್ತಿರೋದು ಏನು? ಏಣಿಯಲ್ಲಿ ಅರ್ಧಕ್ಕೆ ಹೋದಾಗ ಜಾರುತ್ತೋ, ಮುಕ್ಕಾಲಿಗೆ ಹೋದಾಗ ಜಾರುತ್ತೋ ಅಂತ. ಅರ್ಧ, ಮುಕ್ಕಾಲು ಅನ್ನೋದು ಬರೀ ಪಾಲು. ಅದರಲ್ಲಿ ಮೊಳ ಇಲ್ಲ, ಕಿಲೋ ಇಲ್ಲ.”

“ಹೂಂ.”

“ಅದರೊಳಗೆ ನಿನ್ನ ಕಿಲೋ ನುಗ್ಗಬೇಕಾದ್ರೆ, ಅದನ್ನ ಅಳಿಸಿ ಹಾಕೋಕೆ ಇನ್ನೊಂದು ಕಿಲೋ ಬೇಕು. ನಿನ್ನ ತೂಕ ಇನ್ನೊಂದರ ತೂಕದ ಎಷ್ಟು ಪಾಲು ಅಂತ ಆದ್ರೆ ಮಾತ್ರ ಒಳಗೆ ಬರಬಹುದು. ಏಣಿ ಹಗುರದ್ದು, ಅದರ ತೂಕ ಲೆಕ್ಕಕ್ಕಿಲ್ಲ ಅಂತ ಇಟ್ಕೋ. ಇನ್ನೊಂದು ಕಿಲೋ ಎಲ್ಲಿದೆ? ಇಲ್ಲ. ಅಂದ್ಮೇಲೆ ನಿನ್ನ ತೂಕ ಉತ್ತರದಲ್ಲಿ ಇರೋಕೇ ಆಗಲ್ಲ. ಗಂಗಣ್ಣ ಹತ್ತಿದ್ರೂ ಅದೇ ಮೆಟ್ಟಿಲಲ್ಲಿ ಜಾರುತ್ತೆ. ನೀನು ಹತ್ತಿದ್ರೂ ಅದೇ ಮೆಟ್ಟಿಲಲ್ಲಿ ಜಾರುತ್ತೆ.”

ಕೋಲು ತಿರುವುತ್ತಿದ್ದ ಕೈ ನಿಧಾನವಾಯಿತು. “ಅದೆಂಗಾಗುತ್ತೆ? ದಪ್ಪದವರು ಜಾಸ್ತಿ ತಳ್ಳಲ್ವಾ?”

“ತಳ್ತಾರೆ. ಹಂಗೇ ನೆಲನೂ ಜಾಸ್ತಿ ಅಮುಕುತ್ತಾರೆ. ನೆಲ ಅಷ್ಟೇ ಗಟ್ಟಿಯಾಗಿ ಹಿಡ್ಕೊಳುತ್ತೆ. ನೀನು ಕಮ್ಮಿ ತಳ್ತೀಯ, ನೆಲ ನಿನ್ನ ಕಮ್ಮಿ ಹಿಡ್ಕೊಳುತ್ತೆ. ಎರಡೂ ಸಮ.”

ಲಿಂಗಮ್ಮ ಇಷ್ಟು ವರ್ಷ ತನ್ನ ಮೈಯ ಹಗುರವನ್ನೇ ಸೊಂಟಕ್ಕೆ ಕಟ್ಟಿದ ಹಗ್ಗ ಅಂತ ನಂಬಿ ಹತ್ತಿದ್ದಳು. ಆ ಹಗ್ಗದ ಇನ್ನೊಂದು ತುದಿ ಯಾತಕ್ಕೂ ಕಟ್ಟಿರಲೇ ಇಲ್ಲ ಅಂತ ಮಗಳು ಹೇಳುತ್ತಿದ್ದಾಳೆ.

“ಸುಳ್ಳು,” ಅಂದಳು. “ಜಾರಿದ್ರೆ ನನಗೆ ಗೊತ್ತಾಗಲ್ವಾ? ಬುಡ ಅಲ್ಲಾಡಿದ್ರೆ ಮೇಲಿದ್ದವಳಿಗೆ ತಿಳಿಯಲ್ವಾ?”

ಅನುಶ್ರೀ ತಾಯಿಯ ಕೈಯಿಂದ ಮುದ್ದೆ ಕೋಲು ಇಸಕೊಂಡಳು. ಹಿಟ್ಟು ಅಂಟಿದ್ದನ್ನು ಒರೆಸಿ, ಗೋಡೆಗೆ ನೆಟ್ಟಗೆ ಒರಗಿಸಿ ನಿಲ್ಲಿಸಿದಳು. ಕೋಲಿನ ತಲೆ ಗೋಡೆಗೆ ತಾಗಿದ ಕಡೆ ಮಸಿಯಲ್ಲಿ ಗುರುತು ಹಾಕಿದಳು.

“ಬುಡದ ಮೇಲೆ ಕಣ್ಣಿಡಬೇಡ. ತಲೆ ನೋಡು. ನೀನು ಇರೋದು ತಲೆಯಲ್ಲಿ.”

ಕೋಲಿನ ಬುಡವನ್ನು ಒಂದು ಬೆರಳು ಎಳೆದಳು. ತಲೆ ಅಲ್ಲಾಡಿದ್ದು ಕಾಣಲಿಲ್ಲ. ಇನ್ನೊಂದು ಬೆರಳು ಎಳೆದಳು. ತಲೆ ಮಸಿಯ ಗುರುತಿನಲ್ಲೇ ಇದ್ದ ಹಾಗಿತ್ತು. ಇನ್ನೊಂದು. ಕೂದಲೆಳೆಯಷ್ಟು ಇಳಿದಿರಬಹುದು. ಬುಡ ಆಗಲೇ ಗೋಡೆಯಿಂದ ಒಂದು ಹಿಡಿ ದೂರ ಬಂದಿತ್ತು.

“ಗೊತ್ತಾಯ್ತಾ ಅವ್ವ ನಿನಗೆ, ಜಾರ್ತಿದೆ ಅಂತ?”

ಲಿಂಗಮ್ಮ ಗೋಡೆಗೂ ಬುಡಕ್ಕೂ ನಡುವೆ ಗೇಣು ಹಾಕಿ ನೋಡಿದಳು.

“ಒಂದು ಚೂರು ಇದು ಸರಿದ್ರೆ ಅದು ಎಷ್ಟು ಚೂರು ಸರಿಯುತ್ತೆ, ಆ ಗಳಿಗೆಯಲ್ಲಿ, ಅಂತ ನೋಡೋ ಲೆಕ್ಕಕ್ಕೆ ಕ್ಯಾಲ್ಕುಲಸ್ ಅಂತಾರೆ. ಗೋಡೆಯಿಂದ ಬುಡ ಎಷ್ಟು ದೂರ ಇದೆಯೋ ಅದನ್ನ, ನೆಲದಿಂದ ತಲೆ ಎಷ್ಟು ಎತ್ತರ ಇದೆಯೋ ಅದರಿಂದ ಭಾಗಿಸು. ಬುಡ ಓಡೋ ಓಟದಲ್ಲಿ ಅಷ್ಟು ಪಾಲು ತಲೆ ಇಳಿಯುತ್ತೆ. ಏಣಿ ನೆಟ್ಟಗಿದ್ದಾಗ ದೂರ ಕಮ್ಮಿ, ಎತ್ತರ ಜಾಸ್ತಿ. ಅದಕ್ಕೇ ಮೊದ್ಲು ಏನೂ ಗೊತ್ತಾಗಲ್ಲ. ಹೋಗ್ತಾ ಹೋಗ್ತಾ ದೂರ ಬೆಳೆಯುತ್ತೆ, ಎತ್ತರ ಇಳಿಯುತ್ತೆ...”

ಬುಡವನ್ನು ಇನ್ನಷ್ಟು ಎಳೆದಳು. ಈಗ ತಲೆ ಬೆರಳು ಬೆರಳು ಇಳಿಯತೊಡಗಿತು. ಆಮೇಲೆ ಅವಳು ಕೈಬಿಟ್ಟಳು. ಕೋಲು ಫಟ್ಟೆಂದು ನೆಲಕ್ಕೆ ಬಡಿಯಿತು. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು.

“ನೆಲದ ಹತ್ತಿರ ಬರೋ ಹೊತ್ತಿಗೆ ಎತ್ತರ ಸೊನ್ನೆ. ಸೊನ್ನೆಯಿಂದ ಭಾಗಿಸು ಅಂದ್ರೆ ಲೆಕ್ಕಕ್ಕೇ ಉಸಿರು ಕಟ್ಟುತ್ತೆ. ಅಷ್ಟರೊಳಗೆ ತಲೆ ಗೋಡೆ ಬಿಟ್ಟು ಬಿದ್ದಿರುತ್ತೆ ಅಂತ ಮೇಡಂ ಹೇಳಿದ್ರು. ಮೇಲಿದ್ದವರಿಗೆ ಗೊತ್ತಾಗೋದು ಕೊನೆಗೆ ಅವ್ವ. ಮೊದ್ಲು ಗೊತ್ತಾಗೋದು ಬುಡದಲ್ಲಿ ನಿಂತವರಿಗೆ ಮಾತ್ರ. ನಿನ್ನ ಬುಡದಲ್ಲಿ ಯಾರೂ ಇಲ್ಲ.”

ಲಿಂಗಮ್ಮ ಗೋಡೆಯ ಮಸಿ ಗುರುತನ್ನೇ ನೋಡುತ್ತಾ ಕೂತಳು. ಮುದ್ದೆ ತಳ ಹತ್ತಿ ಸೀದ ವಾಸನೆ ಬಂತು. ಎದ್ದು ಇಳಿಸಲಿಲ್ಲ.

ಅವಳಿಗೆ ನೆನಪಾಗಿದ್ದು ಚೋಮಿ.

ಆ ವಾರವೇ ನಡೆದದ್ದು. ಕೆರೆ ಪಕ್ಕದ ಜೋಡಿ ಮರದಿಂದ ಇಳಿದಾಗ ಏಣಿಯ ಬುಡ ತಾನು ಇಟ್ಟ ಜಾಗದಲ್ಲಿ ಇರಲಿಲ್ಲ. ಮರದಿಂದ ಆಚೆಗೆ ಬಂದಿತ್ತು. ಪಕ್ಕದಲ್ಲಿ ಕಾಳು ಆಯುತ್ತಿದ್ದವಳು ಚೋಮಿ. “ನಾನು ಮೇಲಿರೋವಾಗ ಏಣಿ ಯಾಕೆ ಎಳೆದೆ? ತಮಾಷೆ ಮಾಡ್ತೀಯಾ?” ಅಂತ ಲಿಂಗಮ್ಮ ಕೂಗಾಡಿದ್ದಳು. ಮುಟ್ಟಿಲ್ಲ ಲಿಂಗಕ್ಕ, ಮಕ್ಕಳಾಣೆ ಮುಟ್ಟಿಲ್ಲ ಅಂತ ಚೋಮಿ ಅತ್ತಿದ್ದಳು. ಅವತ್ತಿನಿಂದ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

ಚೋಮಿ ಎಳೆದಿರಲಿಲ್ಲ. ಯಾರೂ ಎಳೆದಿರಲಿಲ್ಲ. ತಾನು ಮೇಲೆ ನಿಂತು, ಗಾಳಿಗೆ ಕತ್ತು ಒಡ್ಡಿ, ಗೊನೆ ಕೀಳುತ್ತಿದ್ದಾಗ ಕೆಳಗೆ ಏಣಿ ನಡೆಯುತ್ತಿತ್ತು.

ಮಾರನೆಯ ದಿನ ಭಾನುವಾರ. ಮೆಣಸು ಹಣ್ಣಾಗಿ ಉದುರುವ ಕಾಲ, ಭಾನುವಾರವೂ ಕೆಲಸ ಇತ್ತು. ಅನುಶ್ರೀಯೂ ಜೀಪು ಹತ್ತಿದಳು. ಲಿಂಗಮ್ಮ ಬೇಡ ಅನ್ನಲಿಲ್ಲ. ಗೇಟಿನಲ್ಲಿ ಇಳಿದವಳೇ ಯಾರಿಗೂ ಹೇಳದೆ ಕೆರೆಯ ಕಡೆ ಬಿರಬಿರನೆ ನಡೆದಳು. ಜೋಡಿ ಮರದ ಬುಡದಲ್ಲಿ ಕೂತು ಒಣ ಎಲೆ ಸರಿಸಿದಳು.

ಗೀರು ಇತ್ತು.

ಒಂದಲ್ಲ, ಎರಡು. ಏಣಿಯ ಎರಡು ಕಾಲು ಎಳೆದುಕೊಂಡು ಬಂದ ಜಾಡು, ಮಕ್ಕಳ ಆಟದ ಬಂಡಿ ಹೋದ ಹಾಗೆ ಪಕ್ಕಪಕ್ಕದಲ್ಲಿ. ಕೈ ಇಟ್ಟು ನೋಡಿದಳು. ಬೆರಳ ತುದಿಯಿಂದ ಮೊಣಕೈ ತನಕ ಬಂತು. ಗೀರು ಒಂದು ಕಾಫಿ ಬೇರಿಗೆ ಬಂದು ನಿಂತಿತ್ತು. ನೆಲದ ಮೇಲೆ ಎದ್ದಿದ್ದ ಬೇರು. ಹೆಬ್ಬೆರಳಷ್ಟೂ ದಪ್ಪ ಇಲ್ಲ. ಏಣಿಯ ಕಾಲು ತಾಗಿ ಅದರ ಸಿಪ್ಪೆ ಎದ್ದಿತ್ತು.

ಲಿಂಗಮ್ಮ ಮರದ ಮೇಲಕ್ಕೆ ನೋಡಿದಳು, ಬೇರು ನೋಡಿದಳು. ಎದ್ದ ಸಿಪ್ಪೆಯನ್ನು ಬೆರಳಿಂದ ಒತ್ತಿ ಕೂರಿಸಿದಳು.

ಹುಡುಕಿಕೊಂಡು ಬಂದ ಚೋಮಿ ಹಿಂದೆ ನಿಂತು ಬಗ್ಗಿ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

“ನಾನು ಎಳೀಲಿಲ್ಲ ಅಂತ ಹೇಳ್ಲಿಲ್ವಾ ಲಿಂಗಕ್ಕ?”

“ನೀನು ಹೇಳ್ದೆ ಕಣವ್ವ. ಹೇಳ್ದೆ.” ಲಿಂಗಮ್ಮ ಅವಳ ಕೈ ಹಿಡಿದುಕೊಂಡೇ ಎದ್ದಳು.

ಅನುಶ್ರೀಯ ಜೊತೆ ಬಂದ ಗಂಗಣ್ಣ ಗೀರು ನೋಡಿದ, ಬೇರು ನೋಡಿದ, ಮೂಗು ಮುರಿದ. “ಹಂದಿ ಕೆದಕಿರಬೇಕು. ನೀನು ಇರೋದೇ ಒಂದು ಹಿಡಿ, ನಿನಗೆ ಏಣಿ ಜಾರುತ್ತಾ? ಜಾರೋದು ನಮ್ಮಂಥೋರಿಗೆ.”

“ಇಬ್ಬರಿಗೂ ಒಂದೇ ಅಣ್ಣ,” ಅಂದಳು ಅನುಶ್ರೀ. “ಕಣದಲ್ಲಿ ಮೂಟೆ ಕಟ್ಟಿ ನೋಡೋಣ. ಮನುಷ್ಯರು ಬೇಡ.”

“ನೋಡೇ ಬಿಡಾಣ! ನಾನು ಗೆದ್ರೆ ನಿಮ್ಮವ್ವ ಒಂದು ವಾರ ನಮಗೆಲ್ಲ ಕಾಫಿ ಕಾಯಿಸಬೇಕು. ಬೆಲ್ಲದ ಕಾಫಿ.”

ಕಣ ಅಂದರೆ ಮೆಣಸು ಒಣಗಿಸುವ ಸಿಮೆಂಟಿನ ಅಂಗಳ. ಅದರ ಒಂದು ಬದಿಗೆ ಗೋಡೌನಿನ ಗೋಡೆ. ಗಲಾಟೆ ಕೇಳಿ ದೇರಪ್ಪನವರೂ ಬಂದರು, ಬೆಳಗಿನ ಬನಿಯನ್ನಿನಲ್ಲೇ. ವಿಷಯ ಕೇಳಿ ಬೈಯಲಿಲ್ಲ. “ಮಾಡಿ, ನಾನೂ ನೋಡ್ತೇನೆ,” ಅಂತ ಕಟ್ಟೆಯ ಮೇಲೆ ಕೂತರು.

ಮೊದಲು ಲಿಂಗಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಷ್ಟೇ ತೂಕದ ಒಂದು ಮೂಟೆ ಕಟ್ಟಿದರು. ಗಂಗಣ್ಣ ಯಂತ್ರ ಹತ್ತಿದ. ಯಂತ್ರ ತೋರಿಸಿದ್ದು ನೋಡಿ ಚೋಮಿ ಕಿಸಕ್ಕನೆ ನಕ್ಕಳು. ಅವನಿಗಾಗಿ ಒಂದರ ಪಕ್ಕ ಒಂದು ಎರಡು ಮೂಟೆ ಬೇಕಾಯಿತು. ಅಲ್ಯೂಮಿನಿಯಂ ಏಣಿಯ ಮೇಲಿನ ಮೆಟ್ಟಿಲಿಗೆ ಗುಬ್ಬಿ ಮೂಟೆ ಬಿಗಿದು, ಗೋಡೆಗೆ ಒರಗಿಸಿದರು. ಬುಡವನ್ನು ಬೆರಳು ಬೆರಳಾಗಿ ಹಿಂದಕ್ಕೆ ತಂದು, ಪ್ರತಿ ಸಲ ಕೈಬಿಟ್ಟು ನೋಡುವುದು. ತಾನಾಗಿ ಜಾರಲು ಶುರುವಾದ ಕಡೆ ಇದ್ದಿಲಿನ ಗೆರೆ.

ಏಣಿ ನಿಂತಿತು. ನಿಂತಿತು. ನಿಂತಿತು. ಇದ್ದಕ್ಕಿದ್ದ ಹಾಗೆ ಸಿಮೆಂಟಿನ ಮೇಲೆ ಕಿರ್ರೆಂದು ಬುಡ ಓಡಿತು. ಇಬ್ಬರು ಗಂಡಸರು ಕಾಲು ಅಡ್ಡ ಕೊಟ್ಟು ತಡೆದರು. ಅಷ್ಟು ಓಡಿದರೂ ಮೇಲಿನ ಮೂಟೆ ಅಲುಗಿದ ಹಾಗೇ ಕಾಣಲಿಲ್ಲ. ಲಿಂಗಮ್ಮ ಆ ಮೂಟೆಯನ್ನೇ ನೋಡುತ್ತಿದ್ದಳು. ಅವಳ ತೂಕ, ಅವಳ ಜಾಗ. ಮೂಟೆಗೆ ಏನೂ ಗೊತ್ತಿರಲಿಲ್ಲ.

“ಗೆರೆ ಹಾಕಿ,” ಅಂದರು ದೇರಪ್ಪ.

ಗಂಗಣ್ಣ ಆ ಗೆರೆಗಿಂತ ಎರಡು ಹೆಜ್ಜೆ ಗೋಡೆಯ ಕಡೆಗೆ ಹೋಗಿ ಕಾಲಿಟ್ಟು ತೋರಿಸಿದ. “ನನ್ನದು ಇಲ್ಲೇ ಜಾರುತ್ತೆ ನೋಡ್ತಾ ಇರಿ.”

ದೊಡ್ಡ ಮೂಟೆಗಳನ್ನು ಕಟ್ಟಿ ಎತ್ತಿದರು. ಗಂಗಣ್ಣ ತೋರಿಸಿದ ಜಾಗ ಬಂತು, ಜಾರಲಿಲ್ಲ. ಹಿಂದಕ್ಕೆ ತಂದರು, ಜಾರಲಿಲ್ಲ. ಬುಡ ಇದ್ದಿಲಿನ ಗೆರೆಯ ಹತ್ತಿರ ಹತ್ತಿರ ಬಂತು. ಗೆರೆಗೆ ನಾಲ್ಕು ಬೆರಳು ಇದೆ ಅನ್ನುವಾಗ ಕಿರ್ರೆಂದಿತು.

ಗಂಗಣ್ಣ ಬಗ್ಗಿ ಆ ನಾಲ್ಕು ಬೆರಳನ್ನು ತನ್ನ ನಾಲ್ಕು ಬೆರಳಿಂದಲೇ ಅಳೆದ. ಎದ್ದು ಲಿಂಗಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿದ, ಇವತ್ತೇ ಮೊದಲ ಸಲ ನೋಡುವವನ ಹಾಗೆ.

“ಆ ನಾಲ್ಕು ಬೆರಳು ಏಣಿಯದು,” ಅಂದಳು ಅನುಶ್ರೀ ಮೆಲ್ಲಗೆ. “ಹಗುರ ಅಂದ್ರೂ ಅದಕ್ಕೂ ಒಂಚೂರು ತೂಕ ಇದೆಯಲ್ಲ. ಆ ಇನ್ನೊಂದು ಕಿಲೋ ಇರೋದ್ರಿಂದ ಅಷ್ಟು ವ್ಯತ್ಯಾಸ.”

ದೇರಪ್ಪನವರು ಕಟ್ಟೆಯಿಂದ ಇಳಿದರು. ಗೋಡೌನಿನ ಸೂರಿಗೆ ಸಿಕ್ಕಿಸಿಟ್ಟ ಹಳೆಯ ಬಿದಿರೇಣಿಯ ಕಡೆ ನೋಡಿದರು. ಇಬ್ಬರು ಹೊರಬೇಕಾದ ಏಣಿ. “ಅಪ್ಪನ ಕಾಲದಲ್ಲಿ ಅದೇ ಇತ್ತು. ಸಣ್ಣವರನ್ನೇ ಹತ್ತಿಸಿ ಅಂತ ಅಪ್ಪ ಹೇಳುತ್ತಿದ್ದರು. ಏಣಿ ಅಷ್ಟು ಭಾರ ಇದ್ದರೆ?”

“ಆಗ ವ್ಯತ್ಯಾಸ ಜಾಸ್ತಿ ಬರುತ್ತೆ ಸಾವ್ಕಾರ್ರೆ. ಅವರು ಹೇಳಿದ್ದು ಆ ಏಣಿಗೆ ಒಂದಷ್ಟು ನಿಜ.”

“ಏಣಿಯ ತಲೆಯನ್ನು ಮರಕ್ಕೆ ಕಟ್ಟುತ್ತಲೂ ಇದ್ದರು.” ದೇರಪ್ಪ ಅಲ್ಯೂಮಿನಿಯಂ ಏಣಿಯನ್ನು ಬೆರಳಿಂದ ತಟ್ಟಿದರು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ ಅಂದರು, “ಏಣಿ ಬದಲಾಯಿಸಿದ್ದು ನಾನು. ಮಾತು ಮಾತ್ರ ಹಳೆಯದೇ ಉಳಿಯಿತು.”

ಗಂಗಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಸರಿ ಸಾವ್ಕಾರ್ರೆ, ಇವಳಿಗೂ ಆಳು ಬೇಕು ಅಂತಾಯ್ತು. ಆಳಿಗೆ ಆಳು ಎಲ್ಲಿಂದ ತರಲಿ? ಲಿಂಗಮ್ಮ ಇನ್ನು ಕೆಳಗೆ ಕಾಳು ಆಯ್ಲಿ. ಜೀವಕ್ಕಿಂತ ದೊಡ್ಡದಾ?”

ಬರುವ ಮಾತು ಬಂದೇ ಬಂತು. ಲಿಂಗಮ್ಮ ಮಗಳ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕೇಳಿಕೆ ಇತ್ತು. ನಿನ್ನ ಲೆಕ್ಕದಲ್ಲಿ ನನಗೆ ಎಲ್ಲೂ ಜಾಗ ಇಲ್ಲವೇನೇ ಅನ್ನುವ ಹಾಗೆ.

ಅನುಶ್ರೀ ಇದ್ದಿಲು ತೆಗೆದುಕೊಂಡು ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಏನೋ ಬರೆದಳು, ಅಳಿಸಿದಳು, ಪುನಃ ಬರೆದಳು. ತಲೆ ಎತ್ತಿದಾಗ ಅವಳ ಮುಖವೇ ಬೇರೆಯಾಗಿತ್ತು.

“ಗಂಗಣ್ಣ, ನೀವು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ನಿಂತ್ಕೊಳ್ಳಿ.”

“ಯಾಕವ್ವ, ನನ್ನನ್ನ ಬೀಳಿಸಿ ನೋಡ್ಬೇಕಾ?”

“ನಿಂತ್ಕೊಳ್ಳಿ. ಬುಡದಲ್ಲಿ ನಿಂತೋರು ನೆಲ ಅಮುಕುತ್ತಾರೆ, ಏಣಿ ತಳ್ಳೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಈಗ ಇನ್ನೊಂದು ಕಿಲೋ ಬಂತು! ನಿಮ್ಮ ತೂಕ ನಮ್ಮವ್ವನ ತೂಕದ ಎಷ್ಟು ಪಾಲು ಅಂತ ಉತ್ತರದೊಳಗೆ ಬರುತ್ತೆ. ನೀವು ಎಷ್ಟು ದಪ್ಪಗಿದ್ರೆ ಅಷ್ಟು ಒಳ್ಳೇದು, ಅವ್ವ ಎಷ್ಟು ಸಣ್ಣಗಿದ್ರೆ ಅಷ್ಟು ಒಳ್ಳೇದು.”

ಗುಬ್ಬಿ ಮೂಟೆಯನ್ನು ಪುನಃ ಕಟ್ಟಿದರು. ಗಂಗಣ್ಣ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲು ಹತ್ತಿ ನಿಂತ. ಬುಡವನ್ನು ಇದ್ದಿಲಿನ ಗೆರೆಗೇ ತಂದಿಟ್ಟರು. ಏಣಿ ನಿಂತಿತು. ಗೆರೆ ದಾಟಿಸಿದರು. ನಿಂತಿತು. ಅವನನ್ನು 'ಇಳಿ', 'ಹತ್ತು' ಅಂತ ಕುಣಿಸಿ ಕುಣಿಸಿ ಬುಡವನ್ನು ಇನ್ನೂ ಹಿಂದಕ್ಕೆ ತಂದರು. ಅವನು ಮೆಟ್ಟಿಲ ಮೇಲೆ ನಿಂತಾಗಲೆಲ್ಲ ಏಣಿ ಕಲ್ಲಿಗೆ ಕಚ್ಚಿದ ಹಾಗೆ ಕಚ್ಚಿಕೊಂಡಿತು. ಕೊನೆಗೆ ಅವನೇ ಹೆದರಿ ಕೂಗಿದ, “ಸಾಕು ಮಾರಾಯ್ತಿ, ನಂಬಿದೆ!”

“ಹಂಗಾದ್ರೆ ಬುಡಕ್ಕೆ ದಪ್ಪದವರು, ಮೇಲಕ್ಕೆ ಸಣ್ಣವರು,” ಅಂದರು ದೇರಪ್ಪ. “ಗಂಗಣ್ಣ, ನಿನ್ನ ಮಂಡಿನೋವಿಗೆ ನೀನಂತೂ ಹತ್ತುವುದಿಲ್ಲ. ಕೊಡೆ ಹಿಡಿದು ತೋಟ ಸುತ್ತುವ ಬದಲು ಲಿಂಗಮ್ಮನ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲು. ಯಾರೇ ಹತ್ತಿದರೂ ಏಣಿಯ ತಲೆ ಮರಕ್ಕೆ ಕಟ್ಟಬೇಕು, ಬುಡದಲ್ಲಿ ಆಳು ನಿಲ್ಲಬೇಕು. ದಿನಕ್ಕೆ ಒಂದು ಮರ ಕಮ್ಮಿ ಆದರೆ ಆಗಲಿ.”

“ಮೇಸ್ತ್ರಿ ಆಗಿ ನಾನು ಏಣಿಗೆ ಕಲ್ಲು ಆಗ್ಬೇಕಾ?”

“ಬೆಲ್ಲದ ಕಾಫಿ ಕೊಡ್ತೀನಿ ಬನ್ನಿ ಅಣ್ಣ,” ಅಂದಳು ಚೋಮಿ.

ಆ ದಿನ ಮಧ್ಯಾಹ್ನ ಲಿಂಗಮ್ಮ ಹತ್ತಿದಳು. ಕೆಳಗಿನ ಮೆಟ್ಟಿಲ ಮೇಲೆ ಗಂಗಣ್ಣ ಎರಡೂ ಕೈಯಲ್ಲಿ ಏಣಿ ಹಿಡಿದು, ಮುಖ ಊದಿಸಿಕೊಂಡು ನಿಂತಿದ್ದ. ಅರ್ಧಕ್ಕೆ ಹೋದವಳು ನಿಂತುಬಿಟ್ಟಳು. ಇಷ್ಟು ವರ್ಷ ಏಣಿಯ ಬುಡ ಎಷ್ಟು ಕೆಳಗಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ಈಗ ನೋಡಿದಳು. ನೆಲ ಅಷ್ಟು ದೂರ ಇತ್ತೇ? ಗೊನೆ ಕೀಳಬೇಕಾದ ಕೈ ಏಣಿಯನ್ನು ಬಿಡಲಿಲ್ಲ.

“ಏನಾಯ್ತು ಗುಬ್ಬಿ? ಹತ್ತು!” ಗಂಗಣ್ಣ ಕೂಗಿದ.

“ಅಣ್ಣ, ಇದೀಯಾ?”

“ಇದೀನಿ.”

ಇನ್ನೆರಡು ಮೆಟ್ಟಿಲು ಹತ್ತಿದಳು. “ಇದೀಯಾ?”

“ಎಲ್ಲಿಗೆ ಹೋಗ್ಲಿ? ನಿನ್ನ ಮಗಳು ಅಲ್ಲಿ ಕೂತು ನೋಡ್ತಾ ಇದ್ದಾಳಲ್ಲ!”

ಲಿಂಗಮ್ಮ ತುದಿ ಮುಟ್ಟಿ, ಏಣಿಯ ತಲೆಯನ್ನು ಮರಕ್ಕೆ ಎರಡು ಸುತ್ತು ಬಿಗಿದು, ಗಂಟು ಹಾಕಿದಳು. ಆಮೇಲೆ ಮೊದಲ ಗೊನೆ ಕಿತ್ತಳು. ಕಾಳು ನಾಲ್ಕು ಉದುರಿ ಗಂಗಣ್ಣನ ಬೋಳು ತಲೆಯ ಮೇಲೆ ಬಿತ್ತು. ಅವನು ಬೈದುಕೊಂಡ. ಆದರೆ ಕೆಳಗಿನ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ.